ಉದ್ಧವನಲ್ಲೇ ಉಳಿದ ದನಿ

ಕಪ್ಪು ಪರದೆಯ ಮೇಲೆ ಒಂದೇ ಸಾಲು ಮೂಡುತ್ತಿತ್ತು: 'ಹೊಸದೇನೂ ಇಲ್ಲ.' ಆ ದಿನಗಳಲ್ಲಿ ನನ್ನ ಬೆಳಗುಗಳೆಲ್ಲ ಆ ಸಾಲಿನಿಂದಲೇ ಶುರುವಾಗುತ್ತಿದ್ದವು.

ಅಪ್ಪ ನಮ್ಮೂರಿನ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವ ಹೋಗುವ ಸುದ್ದಿಯನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಅವರ ಮುಖ ಕಾಣದವರಿಗೂ ದನಿ ಗೊತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಆ ದನಿ ಪೂರ್ತಿ ಹೋಯಿತು. ಪ್ರೋಗ್ರಾಂ ಬರೆಯುವುದರಲ್ಲಿ ಗಟ್ಟಿಗನಾದ ಸೋದರಮಾವನ ಮಗ ಉದ್ಧವ, ಅಪ್ಪ ಟೈಪ್ ಮಾಡಿದ್ದನ್ನು ಕಂಪ್ಯೂಟರು ಓದಿ ಹೇಳುವಂತೆ ಮಾಡಿಕೊಟ್ಟ. ಅವನು ತನ್ನ ಮನೆಯಲ್ಲಿ ಕೂತು ತಿದ್ದಿದ್ದನ್ನು ಇಂಟರ್ನೆಟ್ಟಿನಲ್ಲಿ ನಮ್ಮಿಬ್ಬರಿಗೂ ಸೇರಿದ ಒಂದು ಕಣಜಕ್ಕೆ ಏರಿಸುತ್ತಿದ್ದ. ನಾನು ಅದನ್ನು ಅಪ್ಪನ ಮಂಚದ ಪಕ್ಕದ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೆ. ಹಿಂದಿನ ಒಂದೊಂದು ತಿದ್ದುಪಡಿಯೂ ಅಳಿಯದೆ ಅಲ್ಲಿ ಉಳಿಯುತ್ತಿತ್ತು. ಅವನು ಏನೂ ಏರಿಸದ ದಿನ 'ಹೊಸದೇನೂ ಇಲ್ಲ.'

ಆದರೆ ಯಂತ್ರದ್ದು ಯಾರೋ ಹೆಂಗಸಿನ ದನಿ. "ಯಾವಳೋ ನಮ್ಮನೇಲಿ ನಿಂತು ಕಾಫಿ ಕೇಳಿದ ಹಾಗಾಗುತ್ತೆ" ಎಂದು ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಬರಬರುತ್ತ ಟೈಪ್ ಮಾಡುವುದನ್ನೇ ಬಿಟ್ಟು, ಏನು ಬೇಕಾದರೂ ಲೋಟ ಕುಟ್ಟತೊಡಗಿದರು.

ಉದ್ಧವನಿಗೆ ಇದನ್ನು ತಡೆಯಲಾಗಲಿಲ್ಲ. ನಿಲ್ದಾಣದ ಹಳೆಯ ಟೇಪುಗಳನ್ನು ಹುಡುಕಿಸಿ ತಂದ. "ಮಾವನ ದನೀಲೇ ಮಾತಾಡಿಸ್ತೀನಿ ಅತ್ತೆ" ಎಂದ. ಅಂದಿನಿಂದ ನಾನು ಇಳಿಸಿಕೊಳ್ಳಲು ಕೂತರೆ ಅಪ್ಪ ದಿಂಬಿಗೆ ಒರಗಿ ಎದ್ದು ಕೂರುವರು. ಅದೇ ಸಾಲು ಬರುವುದು. ನಾನು ತಲೆಯಾಡಿಸಿದರೆ ಮತ್ತೆ ಮಲಗುವರು.

ಕೊನೆಗೆ ಫೋನ್ ಮಾಡಿದೆ.

"ಆಗಿದೆ ಅಕ್ಕಾ, ನನ್ನ ಕಂಪ್ಯೂಟರಲ್ಲಿ ಮಾತಾಡ್ತಿದೆ. ಅಕ್ಷರ ಕೂಡೋ ಕಡೆ ಸ್ವಲ್ಪ ಒಡೆಯುತ್ತೆ, ಅಷ್ಟೇ."

"ಇದ್ದ ಹಾಗೇ ಏರಿಸೋ. ಅಪ್ಪ ಕಾಯ್ತಿದ್ದಾರೆ."

"ಒಂದು ದಿನಾನೂ ತಡವರಿಸಿದವರಲ್ಲ ಮಾವ. ತೊದಲೋ ದನೀನ ಅವರಿಗೇ ಹೇಗೆ ಕೇಳಿಸಲಿ? ಸರಿಮಾಡಿ ಕಳಿಸ್ತೀನಿ."

ಅವನ ಪ್ರೀತಿಯಲ್ಲಿ ಕುಂದಿರಲಿಲ್ಲ. ಒಂದು ಬೆಳಗ್ಗೆ ನಾನು ಕಂಪ್ಯೂಟರು ಹಚ್ಚಿದಾಗ ಅಪ್ಪ ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಉದ್ಧವ ಬಂದ. ಬರುವ ಮೊದಲೇ ಎಲ್ಲವನ್ನೂ ಏರಿಸಿದ್ದ. ನಾನು ಇಳಿಸಿಕೊಂಡೆ, ಅವನು ತನ್ನಲ್ಲೇ ಇಟ್ಟುಕೊಂಡಿದ್ದ ತಿದ್ದುಪಡಿಗಳು ಪರದೆಯ ತುಂಬ ಹರಿದವು. ಅವನು, ಅಪ್ಪ ಅಮ್ಮನನ್ನು ಕರೆಯುತ್ತಿದ್ದ ಹಾಗೆ, 'ಇವಳೇ, ಇಲ್ಲಿ ಬಾ' ಎಂದು ಟೈಪ್ ಮಾಡಿದ. ಅಪ್ಪನ ದನಿ ಕೋಣೆ ತುಂಬಿತು. ಒಳಗಿದ್ದ ಅಮ್ಮ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು.

ಉದ್ಧವ ಪ್ರೋಗ್ರಾಮನ್ನು ಹಿಂದಕ್ಕೊಯ್ದ, ತಿದ್ದುಪಡಿಗಳನ್ನು ಒಂದೊಂದೇ ಕಳಚಿ, ಟೇಪು ತಂದ ವಾರದ ಮೊಟ್ಟಮೊದಲ ರೂಪಕ್ಕೆ. ಅದೇ ಮಾತನ್ನು ಮತ್ತೆ ಹೇಳಿಸಿದ.

"ಯಾವುದು ತೊದಲಿತು ಅತ್ತೆ?"

"ತೊದಲೋದೇನು ಬಂತು?" ಎಂದಳು ಅಮ್ಮ. "ಎರಡು ಸಲವೂ ಅವರೇ ಕರೆದದ್ದಲ್ವೇನೋ?"

ಉದ್ಧವ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ತಲೆ ಮತ್ತೆ ಮೇಲೇಳಲಿಲ್ಲ. ಅಮ್ಮ ಮಾತ್ರ ಇನ್ನೊಂದು ಕರೆ ಬಂದೀತೆಂಬಂತೆ, ಕೈಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ, ಹೊಸ್ತಿಲ ಮೇಲೆ ನಿಂತೇ ಇದ್ದಳು.