ಬೋಪಯ್ಯನ ಕೋವಿಯ ನಳಿಗೆ

ಫ್ರಾಂಕ್ ಲೋವೆಲ್ ರಿಟೈರಾದ ಮೇಲೆ ಹಳೆಯ ಕಾಲದ ಕೋವಿ ಮಾಡುತ್ತೇನೆ, ಅದೂ ನಳಿಗೆಯಿಂದ ಹಿಡಿದು, ಎಂದು ಹೊರಟಾಗ ಅವನ ಮಕ್ಕಳು ನಕ್ಕು ಸುಮ್ಮನಾದರು. ಗ್ಯಾರೇಜಿನೊಳಗೆ ಬಂದು ನಿಂತು ನೋಡಿದವನು ಪಕ್ಕದ ಮನೆಯ ದ್ವಾರಕಾನಾಥ ಒಬ್ಬನೇ.

ದ್ವಾರಕಾನಾಥ ಮೈಸೂರಿನವನು. ಲೋಹಶಾಸ್ತ್ರ ಓದಿ, ಹ್ಯಾರಿಸನ್ ಕಡೆಯ ಒಂದು ಸ್ಕ್ರೂ ಕಾರ್ಖಾನೆಯ ಲ್ಯಾಬಿನಲ್ಲಿ ಉಕ್ಕು ಪರೀಕ್ಷಿಸುವ ಕೆಲಸ ಮಾಡುತ್ತಿದ್ದ. ಪಿಸ್ಕಾಟವೇಯಲ್ಲಿ ಮನೆ ಕೊಂಡಿದ್ದ. ಹೆಂಡತಿ ಪ್ರಭಾ ಸಂಜೆ ಕಾಲೇಜಿಗೆ ಹೋಗುತ್ತಿದ್ದುದರಿಂದ ಅವನಿಗೆ ಬಿಡುವಿತ್ತು. ಮೊದಮೊದಲು ಬರೀ ನೋಡುತ್ತಿದ್ದವನು, ಒಂದು ದಿನ ಎಣ್ಣೆ ಸೋರುತ್ತಿದ್ದ ಪೈಪಿಗೆ ಕೈ ಹಾಕಿದ. ಅಲ್ಲಿಂದ ಮುಂದೆ ವಾರಾಂತ್ಯಗಳೆಲ್ಲ ಅಲ್ಲೇ ಕಳೆದವು.

ಯಂತ್ರಗಳನ್ನು ಇಬ್ಬರೂ ಸೇರಿ ಕಟ್ಟಿದರು. ಒಂದು, ಉದ್ದನೆಯ ಸಲಾಕೆಯ ನಡುವೆ ನೇರವಾಗಿ ರಂಧ್ರ ಕೊರೆಯುವುದಕ್ಕೆ: ಮುರಿದ ಲೇತಿನ ಕೆಳಭಾಗ, ಗುಜರಿಯಿಂದ ತಂದ ಮೋಟರು, ಹಳೆಯ ಕಾರಿನ ಆಯಿಲ್ ಪಂಪು. ಇನ್ನೊಂದು, ಕೊರೆದ ರಂಧ್ರದ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೆತ್ತುವುದಕ್ಕೆ. ಆ ಗೀರುಗಳೇ ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುವುದು. ಇದು ಬಹುಪಾಲು ಮರದ್ದು. ಮೇಪಲ್ ಮರದ ದಪ್ಪ ಉರುಳೆಯ ಮೇಲೆ ಫ್ರಾಂಕ್ ಉಳಿಯಿಂದ ಸುರುಳಿ ಕೆತ್ತಿದ. ಹಿಡಿ ಎಳೆದರೆ ಉರುಳೆ ತಾನಾಗಿ ತಿರುಗುತ್ತ ಬರುತ್ತಿತ್ತು, ಅದರ ತುದಿಯ ಸರಳಿನಲ್ಲಿ ಕೂರಿಸಿದ ಸಣ್ಣ ಹಲ್ಲು ಉಕ್ಕನ್ನು ಕೂದಲೆಳೆಯಷ್ಟು ಕೆರೆಯುತ್ತಿತ್ತು. ಗೀರು ಇನ್ನಷ್ಟು ಆಳವಾಗಬೇಕಾದರೆ ಹಲ್ಲಿನ ಕೆಳಗೆ ಒಂದು ಚೂರು ಕಾಗದ ಇಟ್ಟು ಮತ್ತೆ ಎಳೆಯಬೇಕು.

ಉಕ್ಕನ್ನು ತಂದವನು ದ್ವಾರಕಾನಾಥ. ಕಾರ್ಖಾನೆಯಲ್ಲಿ ಉಳಿದ ಸಲಾಕೆ; ಸೀಸ ಬೆರೆತದ್ದು, ಡ್ರಿಲ್ಲಿಗೆ ಬೆಣ್ಣೆಯ ಹಾಗೆ ಸಿಕ್ಕುತ್ತಿತ್ತು. ಸ್ಕ್ರೂ ಮಾಡುವ ಉಕ್ಕು ಅದು ಎಂಬುದು ಅವನಿಗೆ ಗೊತ್ತಿತ್ತು. ಹಳೆಯ ಕೋವಿಗೆ ತುಂಬುವ ಕರಿಮದ್ದಿನ ಒತ್ತಡ ಹೆಚ್ಚಲ್ಲ, ಇಷ್ಟು ಸಾಕು ಎಂದು ಲೆಕ್ಕ ಹಾಕಿ ಹೇಳಿದ. ಫ್ರಾಂಕ್ ನಂಬಿದ.

ಮೊದಲ ನಳಿಗೆ ಬೋಪಯ್ಯನಿಗೆ ಹೋಯಿತು. ವಿರಾಜಪೇಟೆ ಕಡೆಯ ಕೊಡವ, ನ್ಯೂವಾರ್ಕಿನ ಆಸ್ಪತ್ರೆಯಲ್ಲಿ ಮಕ್ಕಳ ಸರ್ಜನ್. ಶಾಲೆಯೊಂದರ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದ ಯುಗಾದಿ ಊಟದಲ್ಲಿ ದ್ವಾರಕಾನಾಥನಿಗೆ ಪರಿಚಯವಾಗಿತ್ತು. "ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು," ಎಂದು ಅವನು ಅಂದು ಹೇಳಿದ್ದ. "ನನ್ನ ಮಗ ಇಲ್ಲಿ ಹುಟ್ಟಿದಾಗ ಒಂದು ಸದ್ದೂ ಇರಲಿಲ್ಲ." ದ್ವಾರಕಾನಾಥನ ಬಾಯಿಂದ ಆ ಮಾತು ಕೇಳಿದ ಮೇಲೆ ಮೊದಲನೆಯದನ್ನು ಇಟ್ಟುಕೊಳ್ಳಲು ಫ್ರಾಂಕಿಗೆ ಮನಸ್ಸು ಬರಲಿಲ್ಲ. ಇಮ್ಮಡಿ ಮದ್ದು ತುಂಬಿ ಪರೀಕ್ಷೆ ಮಾಡಿ, ವಾಲ್‌ನಟ್ ಮರದ ಹಿಡಿ ಕೂರಿಸಿ ಕೊಟ್ಟ. ಆ ವರ್ಷದ ಕೈಲ್‌ಪೊಳ್ದ್ ಹಬ್ಬದಲ್ಲಿ ಬೋಪಯ್ಯ ಕೋವಿಗೆ ಹೂವಿಟ್ಟು ಪೂಜೆ ಮಾಡಿದ. ಆಮೇಲೆ ಆಗಾಗ ಗುರಿಯಿಟ್ಟು ಹೊಡೆಯುತ್ತಲೂ ಇದ್ದ.

ಎರಡನೆಯ ನಳಿಗೆ ಫ್ರಾಂಕ್ ತನಗಾಗಿ ಮಾಡಿದ್ದು. ೧೯೭೬ರ ಜುಲೈಯಲ್ಲಿ ದೇಶಕ್ಕೆ ಇನ್ನೂರು ವರ್ಷ ತುಂಬುವ ದಿನ ಊರಿನ ಮೆರವಣಿಗೆಯಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ನಡೆಯಬೇಕೆಂದು ಅವನ ಆಸೆ. ವಸಂತದ ಒಂದು ಶನಿವಾರ ಅದನ್ನು ಹಳೆಯ ಜಲ್ಲಿ ಗುಂಡಿಗೆ ಒಯ್ದು, ಟೈರಿಗೆ ಬಿಗಿದು, ಇಮ್ಮಡಿ ಮದ್ದು ತುಂಬಿ, ಮಣ್ಣಿನ ದಿಬ್ಬದ ಹಿಂದೆ ನಿಂತು ಹಗ್ಗ ಎಳೆದರು. ಸದ್ದು ಬೇರೆ ಥರ ಇತ್ತು. ಹೋಗಿ ನೋಡಿದರೆ ನಳಿಗೆ ಬುಡದಿಂದ ಉದ್ದಕ್ಕೆ ಸೀಳಿತ್ತು. ಟೈರಿನ ರಬ್ಬರಿನಲ್ಲಿ ಉಕ್ಕಿನ ಚೂರೊಂದು ನೆಟ್ಟುಕೊಂಡಿತ್ತು.

ಸೋಮವಾರ ಬೆಳಿಗ್ಗೆ ದ್ವಾರಕಾನಾಥ ಸೀಳಿದ ತುಂಡನ್ನು ಲ್ಯಾಬಿನ ಮೈಕ್ರೋಸ್ಕೋಪಿನ ಕೆಳಗಿಟ್ಟ. ಉಕ್ಕಿನೊಳಗೆ ಕಲ್ಮಶ ಶಾವಿಗೆಯ ಎಳೆಗಳ ಹಾಗೆ ಉದ್ದಕ್ಕೂ ಹರಡಿತ್ತು. ಸೀಳು ಆ ಎಳೆಯ ಜಾಡನ್ನೇ ಹಿಡಿದು ಹೋಗಿತ್ತು. ಬೋಪಯ್ಯನ ನಳಿಗೆಯೂ ಇದೇ ಸಲಾಕೆಯ ಇನ್ನೊಂದು ತುಂಡು. ಅವನು ಫೋನಿಗೆ ಕೈ ಹಾಕಿದ.

ಎತ್ತಿದವಳು ಬೋಪಯ್ಯನ ಹೆಂಡತಿ ದೇಚಮ್ಮ. "ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ಏನು ಗೊತ್ತಾಯ್ತು?"

"ಮಾವ ತೀರಿಕೊಂಡ್ರು. ಈಗ ಟೆಲಿಗ್ರಾಂ ಬಂತು. ಇವರು ಕೋವಿ ತಗೊಂಡು ಹಿಂದಿನ ಹೊಲಕ್ಕೆ ಹೋಗೋದಕ್ಕೆ ಸ್ನಾನ ಮಾಡ್ತಾ ಇದಾರೆ."

"ನಾನು ಬರೋವರೆಗೂ ಕಾಯೋಕೆ ಹೇಳಿ, ದೇಚಮ್ಮಾ. ಕೋವಿ ಮುಟ್ಟೋದು ಬೇಡ. ಹೇಗಾದ್ರೂ ತಡೀರಿ," ಎಂದ ದ್ವಾರಕಾನಾಥ. ಕಾರಣವನ್ನು ಬೋಪಯ್ಯನ ಎದುರಿಗೇ ಹೇಳಬೇಕೆಂದುಕೊಂಡ.

ಪಿಸ್ಕಾಟವೇಗೆ ಬಂದು, ವಿಷಯ ತಿಳಿಸಿ, ಫ್ರಾಂಕನನ್ನು ಹತ್ತಿಸಿಕೊಂಡ. ಫ್ರಾಂಕ್ ಒಮ್ಮೆ ಕಾರಿಳಿದು ಮನೆಯೊಳಗೆ ಹೋಗಿ, ಏನನ್ನೋ ಕಂಬಳಿಯಲ್ಲಿ ಸುತ್ತಿ ತಂದು ಟ್ರಂಕಿನಲ್ಲಿಟ್ಟ. ದ್ವಾರಕಾನಾಥ ಪೆನ್ಸಿಲ್ವೇನಿಯಾ ಗಡಿಯ ಬಳಿಯ ಬೋಪಯ್ಯನ ಮನೆಯತ್ತ ಕಾರು ಓಡಿಸಿದ.

ಬೋಪಯ್ಯ ಮನೆಯ ಹಿಂದೆ, ಉತ್ತು ಬಿಟ್ಟಿದ್ದ ಜೋಳದ ಹೊಲದ ಅಂಚಿನಲ್ಲಿ ನಿಂತಿದ್ದ. ಬಿಳಿ ಪಂಚೆ, ಮೇಲೊಂದು ಕೋಟು, ಒದ್ದೆ ಕೂದಲು. ಕೋವಿ ಕೈಯಲ್ಲಿತ್ತು. ದೇಚಮ್ಮ ಮಗನ ಕೈಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು.

"ಬಂದ್ರಲ್ಲ, ಒಳ್ಳೇದಾಯ್ತು," ಎಂದ ಬೋಪಯ್ಯ. "ನೀವು ಬರ್ತೀರಿ ಅಂತ ದೇಚು ಹೇಳಿದ್ಲು, ಮದ್ದು ತುಂಬಿ ಕಾಯ್ತಾ ಇದ್ದೆ. ಒಬ್ಬನೇ ನಿಂತು ಹೊಡೀಬೇಕಲ್ಲ ಅನ್ನಿಸಿತ್ತು."

ಸಂತಾಪ ಹೇಳಲು ಬಂದವರೆಂದು ತಿಳಿದಿದ್ದಾನೆ. ದ್ವಾರಕಾನಾಥ ಒಂದು ಹೆಜ್ಜೆ ಮುಂದೆ ಬಂದ.

"ಡಾಕ್ಟ್ರೇ, ಆ ಕೋವಿ ಹೊಡೀಬೇಡಿ. ಒಡೀಬಹುದು."

"ಒಂದು ವರ್ಷದಿಂದ ಹೊಡೀತಾ ಇದೀನಲ್ಲ."

"ಶನಿವಾರ ಇದರ ಜೋಡಿ ಸೀಳಿಹೋಯ್ತು. ಒಂದೇ ಸಲಾಕೆ. ಅದು ಸ್ಕ್ರೂ ಮಾಡೋ ಉಕ್ಕು. ಸಾಕು ಅಂದವನು ನಾನು. ನನ್ನ ಲೆಕ್ಕ ತಪ್ಪು."

ಬೋಪಯ್ಯ ಕೋವಿಯನ್ನು ನೋಡಿದ, ಅವನನ್ನು ನೋಡಿದ. "ಎರಡೇ ಗುಂಡು," ಎಂದ. "ಅಪ್ಪನ ಮಣ್ಣಿಗೆ ನಾನು ಹೋಗೋಕಾಗಲ್ಲ. ವಿಮಾನ ಹತ್ತಿ ಊರು ಸೇರೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಇಷ್ಟಾದರೂ ಬಿಡಿ."

ಕನ್ನಡ ತಿಳಿಯದಿದ್ದರೂ ಫ್ರಾಂಕಿಗೆ ವಿಷಯ ಅರ್ಥವಾಗಿತ್ತು. ಕೋವಿಯನ್ನು ಮರಕ್ಕೆ ಕಟ್ಟಿ ದೂರದಿಂದ ಹಗ್ಗ ಎಳೆಯೋಣ, ಡಾಕ್, ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಮರೆಯಲ್ಲಿ ಅಡಗಿಕೊಂಡು ನನ್ನ ತಂದೆಯನ್ನು ಕಳಿಸುವುದಿಲ್ಲ ಎಂದು ಬೋಪಯ್ಯ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು, ಕೋವಿಯನ್ನು ಹೆಗಲಿಗೆ ಏರಿಸಿದ.

ದ್ವಾರಕಾನಾಥ ಹೋಗಿ ಅವನ ಎಡಗಡೆ, ನಳಿಗೆಯ ಬುಡಕ್ಕೆ ಸಮನಾಗಿ ನಿಂತ.

"ಆ ಕಡೆ ಹೋಗಿ," ಎಂದ ಬೋಪಯ್ಯ.

"ಇಲ್ಲೇ ಇರ್ತೀನಿ."

"ದ್ವಾರಕಾನಾಥ್, ಹೋಗಿ ಅಂದೆ."

"ಮಾಡಿದವನು ನಾನು. ನೀವು ಹೊಡೆಯೋದಾದ್ರೆ ನಾನು ಇಲ್ಲೇ ನಿಂತಿರ್ತೀನಿ."

ಬೋಪಯ್ಯನ ಪಂಚೆ ಗಾಳಿಗೆ ಪಟಪಟ ಬಡಿಯುತ್ತಿದ್ದುದು ಕೇಳಿಸುತ್ತಿತ್ತು. ಅವನ ಬೆರಳು ಕೋವಿಯ ಕುದುರೆಯ ಹತ್ತಿರವೇ ಇತ್ತು. ಕೊನೆಗೆ ಅವನು ಕೋವಿ ಇಳಿಸಿ, ದ್ವಾರಕಾನಾಥನತ್ತ ನೋಡದೆ, ಅದನ್ನು ಅವನ ಕೈಗೆ ಕೊಟ್ಟ. ಅಲ್ಲೇ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡ.

ಫ್ರಾಂಕ್ ಕಾರಿನ ಕಡೆ ಹೋಗಿ ಕಂಬಳಿಯ ಗಂಟು ತಂದ. ಜೋಡುನಳಿಗೆಯ ಹಳೆಯ ಶಾಟ್‌ಗನ್. ನಮ್ಮ ತಂದೆಯದು, ಬೇಕಾದರೆ ಬಳಸು, ಎಂದ. ಬೋಪಯ್ಯ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ದೇಚಮ್ಮ ಬಂದು ಅವನ ಹೆಗಲ ಮೇಲೆ ಕೈಯಿಟ್ಟ ಮೇಲೆ ಎದ್ದ. ಊರಿರುವುದು ಪಶ್ಚಿಮಕ್ಕೋ ಪೂರ್ವಕ್ಕೋ ಎಂದು ಒಂದು ಕ್ಷಣ ತಡೆದು, ಪೂರ್ವಕ್ಕೆ ಮುಖ ಮಾಡಿ ಆಕಾಶಕ್ಕೆ ಎರಡು ಗುಂಡು ಹಾರಿಸಿದ. ಹೊಲದಾಚೆಯ ಮರಗಳಿಂದ ಕಾಗೆಗಳು ಎದ್ದವು. ಫ್ರಾಂಕ್ ಟೋಪಿ ತೆಗೆದು ಹಿಡಿದಿದ್ದ. ಆಮೇಲೆ ಬೋಪಯ್ಯನ ಕೋವಿಯ ಮದ್ದಿಗೆ ನೀರು ಹುಯ್ದು, ತಿರುಪಿನ ಸರಳಿನಿಂದ ಗುಂಡನ್ನು ಹೊರಗೆಳೆದು ತೆಗೆದ.

ಮುಂದಿನ ವಾರ ದ್ವಾರಕಾನಾಥ ಆ ನಳಿಗೆಯನ್ನು ತುಂಡು ತುಂಡಾಗಿ ಕುಯ್ದು, ಒಂದೊಂದನ್ನೂ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಿದ. ಕಲ್ಮಶದ ಎಳೆಗಳಿದ್ದವು. ಬಿರುಕು ಎಲ್ಲೂ ಇರಲಿಲ್ಲ.

"ಬಿರುಕು ಸಿಕ್ತು ಅಂತ ಹೇಳಿಬಿಡಿ," ಎಂದಳು ಪ್ರಭಾ. "ಅವರಿಗೂ ಸಮಾಧಾನ, ನಿಮಗೂ."

"ಒಂದು ಸಲ ಅವರಿಗೆ ತಪ್ಪು ಹೇಳಿ ಆಗಿದೆ," ಎಂದು ದ್ವಾರಕಾನಾಥ ಫೋನ್ ಮಾಡಿದ.

ಎಲ್ಲ ಕೇಳಿಸಿಕೊಂಡು ಬೋಪಯ್ಯ, "ಅಂದ್ರೆ ಹೊಡೀಬಹುದಿತ್ತು," ಎಂದ.

"ಹೊಡೀಬಹುದಿತ್ತೋ ಏನೋ. ನನಗೆ ಗೊತ್ತಿಲ್ಲ."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಆಮೇಲೆ ಅವನು ಕರೆಯಲಿಲ್ಲ. ದೀಪಾವಳಿ ಊಟಕ್ಕೆ ಬಂದಾಗಲೂ ಬೇರೆ ಮೇಜಿನಲ್ಲಿ ಕುಳಿತು, ಬೇಗ ಹೊರಟುಹೋದ.

ಫ್ರಾಂಕ್ ಜುಲೈ ಮೆರವಣಿಗೆಯಲ್ಲಿ ಬರಿಗೈಯಲ್ಲಿ ನಡೆದಿದ್ದ. ದ್ವಾರಕಾನಾಥನನ್ನು ಒಂದು ಮಾತೂ ಅನ್ನಲಿಲ್ಲ. ಬೇಸಗೆ ಕಳೆದ ಮೇಲೆ ಇಬ್ಬರೂ ಕೋವಿಗೆಂದೇ ತಯಾರಾಗುವ ಗಟ್ಟಿ ಉಕ್ಕು ತರಿಸಿದರು. ಅದಕ್ಕೆ ಹಳೆಯ ಯಂತ್ರ ಸಾಲದೆ ಹೋಯಿತು. ಡ್ರಿಲ್ಲು ಕಿರುಚಿ ಮುರಿಯಿತು, ಎಣ್ಣೆ ತುದಿಯವರೆಗೆ ಮುಟ್ಟಲಿಲ್ಲ. ಲೇತಿನ ಬುಡಕ್ಕೆ ಕಾಂಕ್ರೀಟು ಹಾಕಿ, ಬೇರೆ ಪಂಪು ಜೋಡಿಸಿ, ವೇಗ ತಗ್ಗಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ರಂಧ್ರ ನೇರವಾಗಿ ಬರುವ ಹೊತ್ತಿಗೆ ಹಿಮ ಬಿದ್ದಿತ್ತು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಗ್ಯಾರೇಜಿನ ಬಾಗಿಲು ತಟ್ಟಿದ ಸದ್ದಾಯಿತು. ಬೋಪಯ್ಯ ಬೂಟಿನ ಹಿಮ ಒದರುತ್ತ ನಿಂತಿದ್ದ.

"ಇನ್ನೊಂದು ಮಾಡ್ತಾ ಇದೀರಂತೆ. ದೇಚುಗೆ ಪ್ರಭಾ ಹೇಳಿದ್ರಂತೆ."

"ಹೌದು."

"ನನಗಾ?"

"ನೀವು ಬೇಕು ಅಂದ್ರೆ."

ಬೋಪಯ್ಯ ಯಂತ್ರದ ಸುತ್ತ ಒಂದು ಸುತ್ತು ಬಂದ. ನಳಿಗೆಯ ಬಾಯಿಗೆ ಕಣ್ಣಿಟ್ಟು ಬೆಳಕಿಗೆ ಹಿಡಿದು ನೋಡಿದ. ಇದರ ಪರೀಕ್ಷೆ ಯಾರು ಮಾಡುತ್ತಾರೆ ಎಂದು ಕೇಳಿದ. ನೀವೂ ಬನ್ನಿ, ನಿಮ್ಮ ಕಣ್ಣೆದುರಿಗೇ ಮಾಡೋಣ ಎಂದ ದ್ವಾರಕಾನಾಥ. ಫ್ರಾಂಕ್ ಸುಮ್ಮನೆ ಪಕ್ಕಕ್ಕೆ ಸರಿದು ಹಿಡಿಯನ್ನು ತೋರಿಸಿದ.

ಬೋಪಯ್ಯ ಕೋಟು ಕಳಚಿ, ಎರಡೂ ಕೈಯಿಂದ ಹಿಡಿಯನ್ನು ಹಿಡಿದು ಎಳೆದ. ಮರದ ಉರುಳೆ ನರಳುತ್ತ ತಿರುಗಿತು. ಸರಳಿನ ತುದಿಯಲ್ಲಿ ಉಕ್ಕಿನ ಸಣ್ಣ ಎಳೆಯೊಂದು ಸುರುಳಿ ಸುತ್ತಿಕೊಂಡು ಬಂತು. ದ್ವಾರಕಾನಾಥ ಅದನ್ನು ಬ್ರಷ್ಷಿನಿಂದ ತೆಗೆದು ಎಣ್ಣೆ ಬಿಟ್ಟ.

"ಅಪ್ಪನಿಗೆ ಬಲು ಕೋಪ," ಎಂದು ಬೋಪಯ್ಯ ಶುರುಮಾಡಿದ, ಸರಳನ್ನು ಮತ್ತೆ ಒಳಗೆ ತಳ್ಳುತ್ತ. "ನಾನು ಡಾಕ್ಟರಾಗ್ತೀನಿ ಅಂದಾಗ ಒಂದು ತಿಂಗಳು ಮಾತಾಡಲಿಲ್ಲ ನನ್ನ ಹತ್ತಿರ."