ಕುಣಿಗೆ ಫರಸಿ

ಬಾಗಲಕೋಟೆಯ ಡಾಕ್ಟರು ಬೀರೇಶನ ಬೆನ್ನು ಕೊಯ್ದು ಹೊಲಿದು ನಾಲ್ಕು ತಿಂಗಳಾಗಿತ್ತು. ಬೆನ್ನು ಸುಮ್ಮನಾಯಿತು. ಎಡಗಾಲು ಮಾತ್ರ ಆಪರೇಷನ್ನಿನ ಸುದ್ದಿ ತನಗೆ ಮುಟ್ಟೇ ಇಲ್ಲವೆಂಬಂತೆ ಸೊಂಟದಿಂದ ಕಿರುಬೆರಳಿನವರೆಗೆ ಉರಿಯುತ್ತಿತ್ತು. ನೋಡಲು ಬಂದ ಇಳಕಲ್ಲಿನ ಅರ್ಧ ಓಣಿ ಒಂದೊಂದು ಎಣ್ಣೆಯ ಹೆಸರು ಹೇಳಿ, ಚಹಾ ಕುಡಿದು ಹೋಗಿತ್ತು.

ನೆಲದ ಮೇಲೆ ಕೂಡಬಾರದು ಎಂದಿದ್ದರು ಡಾಕ್ಟರು. ಕಳೆದ ವಾರ ತೋರಿಸಲು ಹೋದಾಗ ಬೀರೇಶ ಬಲು ವಿನಯದಿಂದ ಕೇಳಿದ: “ಕಾಲು ಇಳಿಬಿಟ್ಟು ಕುಂತು ಮಾಡೋ ಕೆಲಸ ಮಾಡಬಹುದೇನ್ರಿ ಸರ?”

“ಮಾಡ್ರಿ. ಅರ್ಧ ತಾಸಿಗೊಮ್ಮೆ ಎದ್ದು ಅಡ್ಡ್ಯಾಡ್ರಿ.”

ಡಾಕ್ಟರ ಕಣ್ಣ ಮುಂದಿದ್ದದ್ದು ಕುರ್ಚಿ. ಬೀರೇಶನ ಕಣ್ಣ ಮುಂದಿದ್ದದ್ದು ಪಡಸಾಲೆಯ ಕುಣಿಮಗ್ಗ. ಅಲ್ಲಿಯೂ ನೆಲದಲ್ಲಿ ತೋಡಿದ ತೆಗ್ಗಿಗೆ ಕಾಲು ಇಳಿಬಿಟ್ಟೇ ಕೂಡುವುದು. ಕೂತು, ಕೆಳಗಿನ ಎರಡು ಹಲಗೆಗಳನ್ನು ಸರದಿಯಂತೆ ತುಳಿಯುವುದು. ಈ ಕೊನೆಯ ಮಾತನ್ನು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಮನೆಗೆ ಬಂದು ಡಾಕ್ಟರ ಅಪ್ಪಣೆಯನ್ನು ಅರ್ಧ ತಾಸಿನ ಸಮೇತ ಒಪ್ಪಿಸಿದ.

ಹೆಂಡತಿ ನಾಗರತ್ನಾ ಬೇರೆಯೇ ನಿರ್ಧಾರ ಮಾಡಿದ್ದಳು. ಕುಂಟುವವನು ಕುಣಿಯಲ್ಲಿ ಬಿದ್ದರೆ ಎರಡನೇ ಆಪರೇಷನ್. ನೋವು ಹೋಗದಿದ್ದರೆ ಸೋಮವಾರ ಗೌಂಡಿ ಮುಕ್ತಾರ ಬಂದು ಕುಣಿ ಮುಚ್ಚಿ, ಪಡಸಾಲೆಗೆಲ್ಲ ಫರಸಿ ಕಲ್ಲು ಹಾಸುವುದು.

“ಕಾಲ ನೂಸ್ತೈತೇನ್ರಿ?” ದಿನಾ ಕೇಳುವಳು.

“ಇಲ್ಲ ತಗಿ.” ದಿನಾ ಹೇಳುವನು. ಹೌದೆಂದರೆ ಕುಣಿ ಹೋಯಿತು. ಮೂವತ್ತು ವರ್ಷ ಸೀರೆ ನೇಯ್ದವನಿಗೆ ಆಮೇಲೆ ಕೂಡಲು ಓಣಿಯ ಕಟ್ಟೆಯೊಂದೇ.

ಶನಿವಾರ ಕುಣಿಗಿಳಿದ. ನಾಗರತ್ನಾ ಒಳಗೆ ರೊಟ್ಟಿ ಬಡಿಯುತ್ತ ಕಿವಿಗೊಟ್ಟಳು. ಬಲಗಾಲ ಹಲಗೆ, ಲಾಳಿ, ಬಡಿತ. ಎಡಗಾಲ ಹಲಗೆ ಮಾತ್ರ ಸರ್ಕಾರಿ ಗುಮಾಸ್ತನ ಹಾಗೆ ತಡವಾಗಿ ಬರುತ್ತಿತ್ತು. ಭಾನುವಾರವೂ ಅದೇ. ಸೋಮವಾರ ಬೆಳಿಗ್ಗೆ ಎರಡೂ ಸಮನಾಗಿ ಬಿದ್ದವು. ನಿಧಾನ, ಆದರೆ ಸಮ. ಅವಳಿಗೆ ಸಂಶಯ ಬಂತು. ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಬಂದು ಕುಣಿಯೊಳಗೆ ಇಣುಕಿದಳು.

ಎಡಗಾಲು ದಿಂಬಿಗೆ ಒರಗಿ ಬೀಗರ ಹಾಗೆ ಆರಾಮವಾಗಿತ್ತು. ಬಲಗಾಲೊಂದೇ ಆ ಹಲಗೆಯಿಂದ ಈ ಹಲಗೆಗೆ ಓಡಾಡುತ್ತಿತ್ತು.

“ನೋವಿಲ್ಲ ಅಂತಿದ್ರಿ?”

ಅಷ್ಟರಲ್ಲಿ ಬಾಗಿಲಲ್ಲಿ ಮುಕ್ತಾರ. “ಅಕ್ಕಾರ, ತೆಗ್ಗಿಗೆ ಮಣ್ಣು ಹಾಕಸ್ಲೇನ್ರಿ?”

ಬೀರೇಶ ಲಾಳಿ ಕೈಯಲ್ಲಿ ಹಿಡಿದೇ ಕೂತ. “ಐತಿ,” ಎಂದ. “ಭಾಳ ಐತಿ. ಕುಂತ್ರೂ ಐತಿ, ಮಲಗಿದ್ರೂ ಐತಿ. ಇಲ್ಲಿ ಕುಂತಾಗ ಒಂದೀಟು ಮರೀತೇನಿ.”

ಒಳಗಿಂದ ರೊಟ್ಟಿ ಸೀದ ವಾಸನೆ ಬಂತು. ನಾಗರತ್ನಾ ಅಲುಗಲಿಲ್ಲ.

“ಮುಕ್ತಾರಣ್ಣ, ಸುತ್ತೆಲ್ಲ ಫರಸಿ ಹಾಕು. ತೆಗ್ಗು ಬಿಡು. ಅದಕ್ಕ ಇಳಿಯಾಕ ಎರಡು ಮೆಟ್ಲ ಕಟ್ಟು.”

ಆಮೇಲೆ ಗಂಡನ ಕಡೆ ತಿರುಗಿದಳು.

“ಅರ್ಧ ತಾಸಾತು. ಏಳ್ರಿ.”