ಹಾಲಮ್ಮ ಮಗಳನ್ನು ಕರೆಯಲು ಹೋದದ್ದು

ಎರಡನೆಯ ಹೆರಿಗೆಯಾದ ಮೇಲೆ ಹಾಲಮ್ಮ ಹಾಸಿಗೆ ಹಿಡಿದಳು. ಗಂಡ ಈಶ್ವರಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹಸುಗೂಸನ್ನು ಸಂಭಾಳಿಸುವುದೇ ಕಷ್ಟವಾಗಿರುವಾಗ ಮೂರು ವರ್ಷದ ಹಿರಿಮಗಳು ಪುಷ್ಪಳನ್ನು ನೋಡುವವರು ಯಾರು? ಶಿವಮೊಗ್ಗದಿಂದ ಈಶ್ವರಪ್ಪನ ಅಕ್ಕ ಚೌಡಮ್ಮ ಬಂದು, ನೀನು ಎದ್ದು ಓಡಾಡುವವರೆಗೆ ನನ್ನ ಹತ್ತಿರ ಇರಲಿ ಎಂದು ಹುಡುಗಿಯನ್ನು ಕರೆದುಕೊಂಡು ಹೋದಳು. ಚೌಡಮ್ಮ ವಿಧವೆ, ಮಕ್ಕಳಿರಲಿಲ್ಲ. ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದಳು.

ವರ್ಷ ತುಂಬುವ ಮೊದಲೇ ಹಾಲಮ್ಮ ಚೇತರಿಸಿಕೊಂಡಳು. ಆದರೂ ಮಗಳನ್ನು ಕರೆತರಲಿಲ್ಲ. ಕೂಸಿಗೆ ಹಲ್ಲು ಬರಲಿ ಅಂದಳು, ಮಳೆಗಾಲ ಕಳೆಯಲಿ ಅಂದಳು. ಒಂದೇ ಮಗುವಿದ್ದ ಮನೆ ಅವಳಿಗೆ ಹಗುರವೆನಿಸಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹಬ್ಬಕ್ಕೆ ಚೌಡಮ್ಮನೇ ಹುಡುಗಿಯನ್ನು ಕರೆತಂದು ಸಂಜೆಯ ರೈಲಿಗೆ ವಾಪಸು ಹೊರಡುತ್ತಿದ್ದಳು. ಬಿಟ್ಟು ಹೋಗಿ ಎಂದು ಹಾಲಮ್ಮ ಒಮ್ಮೆಯೂ ಅನ್ನಲಿಲ್ಲ.

ಪುಷ್ಪಳಿಗೆ ಆರು ತುಂಬಿತು. ಇನ್ನು ಶಾಲೆಗೆ ಹಾಕಬೇಕೆಂದು ಈಶ್ವರಪ್ಪ ಹೇಳಿದ ಮೇಲೆ ಹಾಲಮ್ಮ ಶಿವಮೊಗ್ಗಕ್ಕೆ ಹೋದಳು. ಚೌಡಮ್ಮ ಹುಡುಗಿಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು, ಲಂಗಗಳನ್ನು ಮಡಚಿ ಗಂಟು ಕಟ್ಟಿದಳು.

ಮನೆಗೆ ಬಂದ ಪುಷ್ಪ ಅಳಲಿಲ್ಲ, ಹಟ ಮಾಡಲಿಲ್ಲ. ನೆಂಟರ ಮನೆಗೆ ಬಂದವಳ ಹಾಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ನೀರು ಕುಡಿಯಲೂ ಕೇಳುತ್ತಿದ್ದಳು. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಪಕ್ಕದ ಮನೆಯ ಸುಭದ್ರಮ್ಮ ಹೊಗಳಿದಾಗ ಹಾಲಮ್ಮ ಮಾತು ಬದಲಿಸಿದಳು.

ಒಂದು ಬೆಳಿಗ್ಗೆ ಪುಷ್ಪಳ ತಮ್ಮ ಆಟವಾಡುತ್ತಾ ಹಾಲಿನ ಪಾತ್ರೆ ಉರುಳಿಸಿದ. ಹಾಲಮ್ಮ ಗದರಿದಳು. ಪುಷ್ಪ ಬಟ್ಟೆ ತಂದು ನೆಲ ಒರೆಸುತ್ತಾ ಮೆಲ್ಲಗೆ ಕೇಳಿದಳು:

"ಇವನನ್ನ ಯಾರ ಮನೆಗೆ ಕಳಿಸ್ತೀರಿ?"

ಹಾಲಮ್ಮ ಅವಳ ಪಕ್ಕ ನೆಲದ ಮೇಲೆ ಕೂತಳು. ಮಗಳ ಒದ್ದೆ ಕೈ ಹಿಡಿದುಕೊಂಡಳು.

"ನೀನು ತಪ್ಪು ಮಾಡಿದೆ ಅಂತ ಕಳಿಸಿದ್ದಲ್ಲ ಕಣೇ. ನಂಗೆ ಹುಷಾರಿರಲಿಲ್ಲ. ಆಮೇಲೆ ಹುಷಾರಾಯ್ತು. ಆದ್ರೂ ನಾನು ಬರಲಿಲ್ಲ. ತಪ್ಪು ನಂದು."

ಹುಡುಗಿ, ಅತ್ತೆಯ ಮನೆಗೆ ಹೋಗಬಹುದಾ ಎಂದು ಕೇಳಿದಳು.

ಆ ಭಾನುವಾರ ಹಾಲಮ್ಮ ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದಳು. ಬಾಗಿಲಲ್ಲಿ ಅತ್ತೆಯನ್ನು ಕಂಡದ್ದೇ ಪುಷ್ಪ ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡು ಜೋರಾಗಿ ಅತ್ತಳು. ಇಷ್ಟು ದಿನ ಆ ಅಳುವನ್ನು ಎಲ್ಲಿ ಇಟ್ಟುಕೊಂಡಿದ್ದಳೋ. ಸಂಜೆ ಹಾಲಮ್ಮ, ಶಾಲೆಯ ಮಾತು ಆಮೇಲೆ ನೋಡೋಣ ಎಂದು, ಮಗಳನ್ನು ಅಲ್ಲೇ ಬಿಟ್ಟು ಒಬ್ಬಳೇ ಹೊರಟಳು. ಮತ್ತೆ ಭಾನುವಾರ ಬರ್ತೀನಿ ಅಂದಳು. ಹುಡುಗಿ ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ.

ಹಾಲಮ್ಮ ಬಂದಳು. ಮಗನನ್ನು ಗಂಡನ ಬಳಿ ಬಿಟ್ಟು ಪ್ರತಿ ಭಾನುವಾರ ಬಂದಳು, ಮಳೆ ಹಿಡಿದಾಗಲೂ ಬಂದಳು. ಮಗಳ ಜೊತೆ ತುಂಗೆಯ ಮೆಟ್ಟಿಲ ಮೇಲೆ ಕೂತು ಕಡಲೆ ತಿಂದಳು, ಅವಳು ಹೇಳಿದ್ದನ್ನೆಲ್ಲ ಕೇಳಿದಳು. ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ.

ಗೌರಿಹಬ್ಬ ಹತ್ತಿರವಾದಾಗ ಒಂದು ಭಾನುವಾರ ಪುಷ್ಪ ಬಟ್ಟೆಯ ಗಂಟು ಪಕ್ಕಕ್ಕಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು.

"ತಮ್ಮನನ್ನ ನೋಡಬೇಕು. ನಾನೂ ಬರ್ತೀನಿ," ಅಂದಳು.

ಹಾಲಮ್ಮನ ಕಣ್ಣು ತುಂಬಿ ಬಂತು. ಒಳಗೆ ಚೌಡಮ್ಮ ಬೆನ್ನು ತಿರುಗಿಸಿ ಕೂತು ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಬರ್ತೀವಿ ಅಕ್ಕ ಎಂದು ಹಾಲಮ್ಮ ಹೊಸಿಲ ಈಚೆಯಿಂದಲೇ ಹೇಳಿದಳು. ಒಳಗೆ ಹೋಗಿ ಆ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.